ಗುಟುಕಕ್ಕ ಕುಡಿಯದ ಲೋಟ

ಬಂದರಿನಲ್ಲಿ ಅವಳ ನಿಜವಾದ ಹೆಸರು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳಿಯಾರು, ಹತ್ತೂ ತಪ್ಪಿರುತ್ತವೆ. ಗುಟುಕಕ್ಕ ಎಂದರೆ ಮಾತ್ರ ಐಸು ಒಡೆಯುವವನೂ ಬಲೆ ಹೊಲಿಯುವವಳೂ ಕತ್ತೆತ್ತಿ ಬೆರಳು ತೋರಿಸುತ್ತಾರೆ: ಅಗೋ, ಆ ದೋಣಿಯ ಹೊಟ್ಟೆಯೊಳಗಿದ್ದಾಳೆ. ಹತ್ತಿರ ಹೋದರೆ ಅವಳು ಕಾಣುವುದಿಲ್ಲ, ಬೈಗುಳ ಕೇಳಿಸುತ್ತದೆ.

ಮೀನು ಹಿಡಿಯುವ ಸಣ್ಣ ದೋಣಿಗಳಲ್ಲಿ ಕುಡಿಯುವ ನೀರಿನ ಟ್ಯಾಂಕಿ ತೊಳೆಯುವುದು ಅವಳ ಕಸುಬು. ಟ್ಯಾಂಕಿ ಇರುವುದು ದೋಣಿಯ ಮೂತಿಯ ಕಡೆ, ಹಲಗೆಗಳ ಕೆಳಗೆ. ಅದರ ಬಾಯಿ ಊಟದ ತಟ್ಟೆಗಿಂತ ಒಂದಿಷ್ಟು ಅಗಲ, ಅಷ್ಟೆ. ಕಾಲು ಮೊದಲು ಇಳಿಸಿ, ಎರಡೂ ಕೈ ಮೇಲೆತ್ತಿ, ಒಂದು ಭುಜ ತೂರಿಸಿ, ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು ಇನ್ನೊಂದು ಭುಜ ತೂರಿಸಬೇಕು. ಬಲೆ ಹೊಲಿಯುವವಳು ಪ್ರತಿಸಲವೂ ದಡದಿಂದ ಕೂಗುತ್ತಾಳೆ, "ಇನ್ನೊಂದು ತುತ್ತು ಜಾಸ್ತಿ ತಿನ್ನು, ಒಳಗೇ ಸಂಸಾರ ಮಾಡುವಿಯಂತೆ." ಗುಟುಕಕ್ಕ ಒಳಗಿನಿಂದಲೇ ಅದಕ್ಕೆ ತಕ್ಕ ಉತ್ತರ ಕೊಡುತ್ತಾಳೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೈಗುಳಕ್ಕೂ ಒಂದು ಕಾರಣವಿದೆ. ಮುಚ್ಚಿಟ್ಟ ಕಬ್ಬಿಣದ ಟ್ಯಾಂಕಿಯೊಳಗೆ ಗಾಳಿ ಕೆಟ್ಟಿರುತ್ತದೆ. ಮುಚ್ಚಳ ತೆಗೆದು ಎಷ್ಟೋ ಹೊತ್ತು ಬಿಟ್ಟ ಮೇಲೆಯೇ ಅವಳು ಇಳಿಯುವುದು. ಹಾಗೆ ಇಳಿಯುವಾಗಲೂ ಸೊಂಟಕ್ಕೆ ಹಗ್ಗ ಬಿಗಿದು ಅದರ ತುದಿಯನ್ನು ಮೇಲಿದ್ದವನ ಕೈಗೆ ಕೊಡುತ್ತಾಳೆ. "ನನ್ನ ಬಾಯಿ ನಿಂತ್ರೆ ಎಳಿ" ಎಂಬುದು ಅವಳ ಅಪ್ಪಣೆ. ಹಾಡು ಬರುವುದಿಲ್ಲ, ದೇವರ ನಾಮ ಬೇಗ ಮುಗಿದುಹೋಗುತ್ತದೆ, ಬೈಗುಳಕ್ಕಾದರೆ ಕೊನೆಯಿಲ್ಲ. ದೋಣಿಯವರನ್ನು, ದೋಣಿ ಕಟ್ಟಿದವರನ್ನು, ಟ್ಯಾಂಕಿಯೊಳಗೆ ಬೀಡಿ ತುಂಡು ಬಿದ್ದದ್ದು ಹೇಗೆಂದು ತಿಳಿಯದಂತೆ ನಟಿಸುವವರನ್ನು ಸಾಲಾಗಿ ಝಾಡಿಸುತ್ತಾ ಅವಳು ಕೆಲಸ ಮಾಡುತ್ತಾಳೆ.

ತಳದಲ್ಲಿ ಉಳಿದ ನೀರನ್ನು ಮಗ್ಗಿನಲ್ಲಿ ಗೋರಿ ಬಕೆಟ್ಟಿಗೆ ತುಂಬುವುದು, ಉಳಿದದ್ದನ್ನು ಬಟ್ಟೆಯಲ್ಲಿ ಹೀರಿ ಹಿಂಡುವುದು, ಕೆಸರು ಬಳಿಯುವುದು. ಆಮೇಲೆ ಗಟ್ಟಿ ಬ್ರಷ್ಷು. "ಎಲ್ಲಾರೂ ತಳ ತಿಕ್ತಾರೆ, ಲೋಳೆ ಬೆಳೆಯೋದು ನೆತ್ತೀಲಿ" ಎಂದು ಮಲಗಿಕೊಂಡು ಮೇಲ್ಭಾಗವನ್ನು ತಿಕ್ಕುತ್ತಾಳೆ. ಲೋಳೆಯೆಲ್ಲ ಮುಖದ ಮೇಲೇ ಬೀಳುತ್ತದೆ. ತಿಕ್ಕಿ ತೊಳೆದ ಮೇಲೆ ಬ್ಲೀಚಿಂಗ್ ಕಲಸಿದ ನೀರು ತುಂಬಿ, ಅಡುಗೆ ಮೂಲೆಯ ನಲ್ಲಿಯಲ್ಲೂ ಅದರ ಘಾಟು ಬರುವ ತನಕ ಹರಿಯಬಿಡುತ್ತಾಳೆ, ಯಾಕೆಂದರೆ ಕೊಳವೆಯ ಹೊಟ್ಟೆಯನ್ನು ಯಾವ ಬ್ರಷ್ಷೂ ಮುಟ್ಟುವುದಿಲ್ಲ. ಮರುದಿನ ಅದನ್ನೆಲ್ಲ ಚೆಲ್ಲಿ, ಘಾಟು ಹೋಗುವವರೆಗೂ ಜಾಲಿಸಿ, ಗಾಳಿ ಕೊಳವೆಯ ಬಾಯಿಗೆ ಜಿರಲೆ ಹೋಗದಂತೆ ಹೊಸ ಜಾಲರಿ ಕಟ್ಟಿ, ಮುಚ್ಚಳದ ರಬ್ಬರ್ ಬಳೆಯನ್ನು ಬೆರಳಿನಿಂದ ಸುತ್ತಲೂ ಒತ್ತಿ ನೋಡುತ್ತಾಳೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಯಾರೋ ಒಮ್ಮೆ ಅವಳಿಗೆ ಬುದ್ಧಿ ಹೇಳಲು ಹೋಗಿದ್ದರು. "ನಂಗೆ ಮೊಸರೂ ಇಲ್ಲ ಬೆಣ್ಣೆನೂ ಇಲ್ಲ, ಒಂದು ಲೋಟ ನೀರು" ಎಂದಿದ್ದಳು.

ಆ ಲೋಟದಿಂದಲೇ ಅವಳಿಗೆ ಈ ಹೆಸರು ಬಂದದ್ದು. ಟ್ಯಾಂಕಿಗೆ ಹೊಸ ನೀರು ತುಂಬಿದ ಮೇಲೆ, ತೊಳೆದವರು ಮೊದಲ ಲೋಟವನ್ನು ನಲ್ಲಿಯಿಂದ ಹಿಡಿದು ಎಲ್ಲರೆದುರು ಕುಡಿಯಬೇಕು. ಇದನ್ನು ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ಅವಳು ಕುಡಿದು, ಬಾಯಿ ಒರೆಸಿಕೊಂಡು, "ಹತ್ತಿ" ಎನ್ನುತ್ತಾಳೆ. ಆಮೇಲೆಯೇ ಆಳುಗಳು ತಮ್ಮ ಚೀಲ, ಹಾಸಿಗೆಗಳನ್ನು ದೋಣಿಗೆ ಸಾಗಿಸುವುದು. ನಡುನೀರಿನಲ್ಲಿ ಹೊಟ್ಟೆ ಕೆಟ್ಟರೆ ದಡ ದೂರ, ಸುತ್ತ ಇರುವ ನೀರು ಉಪ್ಪು. ಅದು ಗೊತ್ತಿದ್ದವರು ಈ ಒಂದು ಗುಟುಕನ್ನು ಹಗುರವಾಗಿ ಕಾಣುವುದಿಲ್ಲ.

ಈಗ ಅವಳ ಅಣ್ಣನ ವಿಷಯ. ಅವನು ಆಳಾಗಿ ದೋಣಿ ಹತ್ತಿದವನು, ಮೈ ಮುರಿದು ದುಡಿದು ಸ್ವಂತ ದೋಣಿ ಮಾಡಿದವನು. ಗುಟುಕಕ್ಕ ಗಂಡನ ಮನೆ ಬಿಟ್ಟು ಬಂದಾಗ ಹಿತ್ತಲಿನ ಕೋಣೆಯನ್ನು ಕೊಟ್ಟವನೂ ಅವನೇ. ಗಂಡ ಅವಳಿಗೆ ಟ್ಯಾಂಕಿಗೆ ಇಳಿಯಬೇಡ ಅಂದಿದ್ದ, ಅವಳು ಹಾಗಾದರೆ ನಿನ್ನ ಹೊಸಿಲನ್ನೂ ತುಳಿಯುವುದಿಲ್ಲ ಅಂದಿದ್ದಳು, ಮಾತು ಅಲ್ಲಿಗೇ ಮುಗಿದಿತ್ತು. ಅಣ್ಣನ ಮನೆಯಲ್ಲಿ ಅಷ್ಟು ಸುಲಭಕ್ಕೆ ಮಾತು ಮುಗಿಯುತ್ತಿರಲಿಲ್ಲ. ಅತ್ತಿಗೆ ಬಟ್ಟೆ ಒಣಹಾಕುವಾಗ ಅವಳ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಹಗ್ಗದ ತುದಿಗೆ ಸರಿಸುತ್ತಿದ್ದಳು, ಬ್ಲೀಚಿಂಗ್ ವಾಸನೆ ಅಂತ. ಅಣ್ಣನೂ ನಾಲ್ಕು ಜನ ಸೇರಿದಾಗ, "ನಾನಿಲ್ದಿದ್ರೆ ಇವಳು ಬೀದಿಪಾಲಾಗ್ತಿದ್ಲು" ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಹಂಗಿನಲ್ಲಿ ಇರುವವರ ನಗು ಅದು, ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಆದರೂ ಅವಳಿಗೆ ಅಣ್ಣನೆಂದರೆ ಪ್ರಾಣ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಈಜು ಕಲಿಸಿದವನು ಅವನೇ.

ಆ ವರ್ಷ ಅವನ ದೋಣಿಯ ಟ್ಯಾಂಕಿ ತೊಳೆಯುವಾಗ ಅವಳ ಬ್ರಷ್ಷಿಗೆ ಒಂದು ಮೂಲೆ ಕುಸುಕುಸು ಎಂದಿತು. ತುಕ್ಕು ತಿಂದು ಕಬ್ಬಿಣ ಹಪ್ಪಳವಾಗಿತ್ತು. ಮೇಲೆ ಬಂದವಳೇ ಅಣ್ಣನಿಗೆ ಹೇಳಿದಳು. "ಮೂಲೆ ಹೋಗಿದೆ. ತಗಡು ಇಟ್ಟು ಬೆಸುಗೆ ಹಾಕ್ಸು. ಕುಡಿಯೋ ನೀರಿನ ಟ್ಯಾಂಕಿಗೇ ಅಂತ ಬೇರೆ ಬಣ್ಣ ಸಿಗತ್ತೆ, ಅದನ್ನ ಬಳಿಸಿ ಚೆನ್ನಾಗಿ ಒಣಗೋಕೆ ಬಿಡು."

"ಒಣಗೋ ಹೊತ್ತಿಗೆ ಮೀನೆಲ್ಲಾ ಬೇರೆಯವರ ಬಲೇಲಿರತ್ತೆ" ಎಂದ ಅಣ್ಣ. ಉಳಿದ ದೋಣಿಗಳು ಆಗಲೇ ಹೊರಟುಹೋಗಿದ್ದವು. ಮೀನಿನ ಸುಗ್ಗಿ ಎಂಬ ಸುದ್ದಿ ಬಂದಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ದಿನ ಬಿಟ್ಟು ಅವಳನ್ನು ದೋಣಿಗೆ ಕರೆಸಿದ. ಹೋಗಿ ನೋಡಿದರೆ ಟ್ಯಾಂಕಿ ತುಂಬಿಸಿ ಮುಚ್ಚಳವನ್ನೂ ಬಿಗಿದಾಗಿತ್ತು. ಆಳುಗಳು ಚೀಲ ಹಿಡಿದು ದಡದ ಮೇಲೆ ಸಾಲಾಗಿ ನಿಂತಿದ್ದರು. ಚುಕ್ಕಾಣಿ ಹಿಡಿಯುವ ಮುದುಕ ಅಡುಗೆ ಮೂಲೆಯಲ್ಲಿ ನಲ್ಲಿಯ ಪಕ್ಕ ಲೋಟವನ್ನು ಇಟ್ಟು ಕಾಯುತ್ತಿದ್ದ.

"ತೊಳೆದಿದ್ದು ನೀನೇ ತಾನೆ? ಕುಡಿ, ಹೊರಡ್ತಾರೆ" ಎಂದ ಅಣ್ಣ.

"ಮೂಲೆ?"

"ಎಲ್ಲಾ ಆಯ್ತು."

ಅವಳು ಮುಚ್ಚಳದ ಬೋಲ್ಟು ಬಿಚ್ಚತೊಡಗಿದಳು. ಅಣ್ಣ "ಬಿಚ್ಚೋದ್ಯಾಕೆ ಈಗ" ಎನ್ನುವಷ್ಟರಲ್ಲಿ ಮುಚ್ಚಳ ಎದ್ದಿತ್ತು. ಗಪ್ಪೆಂದು ಮೂಗಿಗೆ ಹೊಡೆಯಿತು. ಟ್ಯಾಂಕಿಯ ಅಂಚಿನಲ್ಲಿ ಯಾರದೋ ಕೈ ತಗುಲಿ ಮೆತ್ತಿದ್ದ ಕೆಂಪು ಬಣ್ಣ ಅವಳ ಬೆರಳಿಗೆ ಅಂಟಿಕೊಂಡಿತು. ಆ ಕೆಂಪು ಬಂದರಿನ ನಾಯಿಗೂ ಗೊತ್ತು. ದೋಣಿಯ ತಳಕ್ಕೆ ಚಿಪ್ಪುಹುಳ ಕಚ್ಚಿಕೊಳ್ಳದಂತೆ ಹೊರಗಡೆ ಬಳಿಯುವ ಬಣ್ಣ ಅದು. ಹುಳ ಯಾಕೆ ಕಚ್ಚುವುದಿಲ್ಲವೆಂದರೆ ಕಚ್ಚಿದ್ದು ಸಾಯುತ್ತದೆ. ತಳಕ್ಕೆ ಬಳಿದು ಮಿಕ್ಕಿದ್ದ ಡಬ್ಬಿಯನ್ನು ಅಣ್ಣ ಕುಡಿಯುವ ನೀರಿನ ಟ್ಯಾಂಕಿಯೊಳಗೆ ಬಳಿಸಿದ್ದ, ಅದು ನೆಟ್ಟಗೆ ಒಣಗುವ ಮೊದಲೇ ನೀರು ತುಂಬಿಸಿದ್ದ.

ಅಣ್ಣ ಹತ್ತಿರ ಬಂದು ಬಗ್ಗಿದ. ದನಿ ಇಳಿಸಿ ಹೇಳಿದ, "ಒಂದೇ ಒಂದು ಗುಟುಕು ಕಣೇ. ಅಷ್ಟಕ್ಕೆ ಏನೂ ಆಗಲ್ಲ. ಬಾಯಲ್ಲಿಟ್ಟುಕೊಂಡು ಆಮೇಲೆ ಉಗಿ ಬೇಕಾದ್ರೆ. ನಾಲ್ಕು ದಿನ ಹೋದ್ರೆ ವಾಸನೆ ತಾನೇ ಹೋಗತ್ತೆ."

"ಇವರೆಲ್ಲಾ ಆ ನಾಲ್ಕು ದಿನ ಏನು ಕುಡೀತಾರೆ?"

"ಯಾರ ಮನೇಲಿ ಇದೀಯ ಅನ್ನೋದು ನೆನಪಿರಲಿ."

ಇದನ್ನೂ ಅವನು ಮೆಲ್ಲಗೇ ಹೇಳಿದ್ದು. ಹಿತ್ತಲಿನ ಕೋಣೆ, ಅದರ ಮಂಚ, ಚಳಿಗೆ ಬಾಗಿಲ ಸಂದಿಗೆ ತುರುಕುವ ಹಳೇ ಗೋಣಿ ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಈ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ತಟ್ಟುವುದೆಂದರೆ ಭಯವಾಗುತ್ತದೆ, ಅವಳಿಗೂ ಆಯಿತು. ನೀರು ಕುಡಿದಷ್ಟು ಸಲೀಸು ಎನ್ನುತ್ತಾರೆ ಜನ. ಕುಡಿದುಬಿಟ್ಟರೆ ಇದೂ ನಿಜಕ್ಕೂ ಅಷ್ಟೇ ಸಲೀಸು.

ಅವಳು ಅಡುಗೆ ಮೂಲೆಗೆ ನಡೆದು ಲೋಟ ತೆಗೆದುಕೊಂಡಳು. ನಲ್ಲಿ ತಿರುಗಿಸಿ ತುಂಬಿಸಿದಳು. ಅಣ್ಣನ ಮುಖ ಸಡಿಲವಾಯಿತು. ಚುಕ್ಕಾಣಿಯವನಿಗೂ ವಾಸನೆ ಹೊಡೆದಿರಬೇಕು, ದಡದ ಮೇಲಿದ್ದ ಒಬ್ಬಿಬ್ಬರೂ ಮೂಗು ಉಜ್ಜಿಕೊಂಡಿದ್ದರು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದರು. ಅವಳು ಲೋಟವನ್ನು ಎತ್ತಿ ಹಿಡಿದು ದಡದ ಕೊನೆಗೂ ಕೇಳುವಂತೆ ಹೇಳಿದಳು:

"ಕುಡಿಯಲ್ಲ! ಟ್ಯಾಂಕಿಯೊಳಗೆ ದೋಣಿ ತಳದ ಬಣ್ಣ ಬಳಿದಿದಾರೆ. ಈ ನೀರನ್ನ ನಾನೂ ಕುಡಿಯಲ್ಲ, ನೀವೂ ಕುಡೀಬೇಡಿ. ಯಾರೂ ಹತ್ತಬೇಡಿ!"

ಒಬ್ಬನು ಚೀಲವನ್ನು ನೆಲಕ್ಕಿಟ್ಟ. ಆಮೇಲೆ ಉಳಿದವರೂ ಇಟ್ಟರು.

ಅಣ್ಣನ ಕುತ್ತಿಗೆಯ ನರ ಉಬ್ಬಿತು. "ಉಂಡ ಮನೆಗೆ ಎರಡು ಬಗೆಯೋಳೇ!" ಎಂದು ಕಿರುಚಿ ಅವಳ ಕೈಯಿಂದ ಲೋಟ ಕಿತ್ತುಕೊಂಡ. "ಏನಾಗತ್ತೆ ಇದರಲ್ಲಿ? ಏನಾಗತ್ತೆ ನೋಡೇಬಿಡೋಣ, ನಾನೇ ಕುಡೀತೀನಿ!"

ಮಾನ ಹೋಗುತ್ತಿರುವಾಗ ಗಂಡಸರು ಮಾಡುವ ಕೆಲಸವೇ ಅದು. ನಿಜಕ್ಕೂ ಕುಡಿದುಬಿಡುತ್ತಿದ್ದ. ಲೋಟ ತುಟಿಗೆ ತಾಗುವ ಮುನ್ನವೇ ಗುಟುಕಕ್ಕ ಬೀಸಿ ಹೊಡೆದಳು. ಲೋಟ ಹಾರಿ ಕಬ್ಬಿಣದ ಕಂಬಕ್ಕೆ ಬಡಿದು ನೀರಿಗೆ ಬಿತ್ತು. ಅಣ್ಣನ ಮಣಿಕಟ್ಟು ಕೆಂಪಾಯಿತು. ಹಿರಿಯನ ಮೇಲೆ ಕೈ ಎತ್ತಿದ್ದಳು, ಅದೂ ಅವನ ಆಳುಗಳ ಎದುರಿಗೆ.

"ನಿನಗೂ ಕುಡಿಯೋಕೆ ಬಿಡಲ್ಲ" ಎಂದಳು.

"ಇವತ್ತಿಂದ ನನ್ನ ಮನೆ ಮೆಟ್ಟಿಲು ಹತ್ತಬೇಡ."

"ಹತ್ತಲ್ಲ. ನಿನ್ನ ದೋಣಿನೂ ದಡ ಬಿಡಲ್ಲ."

ಅವಳು ಕೆಳಗಿಳಿದು ಟ್ಯಾಂಕಿಯ ತಳದ ಬಿರಡೆಯನ್ನು ಎರಡೂ ಕೈಯಿಂದ ತಿರುಗಿಸಿದಳು. ತುಂಬಿಸಿದ್ದ ನೀರೆಲ್ಲ ದೋಣಿಯ ಹೊಟ್ಟೆಗೆ ಸುರಿಯಿತು. ಚುಕ್ಕಾಣಿಯ ಮುದುಕ ಯಾರ ಅಪ್ಪಣೆಗೂ ಕಾಯದೆ ಪಂಪಿನ ಗುಂಡಿ ಒತ್ತಿದ. ಪಂಪು ಅದನ್ನು ಬಹಳ ಹೊತ್ತು ಹೊರಗೆ ಉಗುಳುತ್ತಲೇ ಇತ್ತು.

ಅವತ್ತು ಸಂಜೆಯೊಳಗೆ ಗುಟುಕಕ್ಕ ಹಿತ್ತಲಿನ ಕೋಣೆ ಖಾಲಿ ಮಾಡಿದಳು. ಅತ್ತಿಗೆ ಬಾಗಿಲಲ್ಲಿ ನಿಂತು, "ಹೋಗಲಿ, ಕ್ಷಮಿಸಿ ಅಂತ ಒಂದು ಮಾತು ಹೇಳಬಾರದಾ" ಎಂದಳು. "ಯಾರು ಯಾರಿಗೆ ಹೇಳ್ಬೇಕು ಅತ್ತಿಗೆ?" ಎಂದು ಕೇಳಿ ಇವಳು ಹಾಸಿಗೆ ಸುತ್ತಿದಳು. ಬಲೆ ಹೊಲಿಯುವವಳ ಕೊಟ್ಟಿಗೆಯ ಮೇಲೆ ಹಗ್ಗ ತುಂಬಿಡುವ ಅಟ್ಟವಿತ್ತು, ಅಲ್ಲಿಗೆ ಹೋದಳು. ಅಲ್ಲಿ ನೆಟ್ಟಗೆ ನಿಲ್ಲಲಾಗುವುದಿಲ್ಲ. "ಟ್ಯಾಂಕಿಗಿಂತ ಅರಮನೆ" ಎಂದು ಬಲೆಯವಳ ಮುಂದೆ ಜಂಬ ಕೊಚ್ಚಿದಳು. ಬಲೆಯವಳು ಕೆಳಗಿಳಿದುಹೋದ ಮೇಲೆ ಹಗ್ಗದ ಸುರುಳಿಗೆ ಒರಗಿ ಅತ್ತಳು. ಕೋಣೆಗಾಗಿ ಅಲ್ಲ. ಅಣ್ಣ ಆತುರಕ್ಕೆ ಬಿದ್ದು ತಪ್ಪು ಬಣ್ಣ ಬಳಿಸಿದ್ದ, ಅದನ್ನು ಹೇಗಾದರೂ ನುಂಗಿಕೊಳ್ಳಬಹುದಿತ್ತು. ಅವನು ಬಗ್ಗಿ ಕಿವಿಯಲ್ಲಿ ಹೇಳಿದ "ಒಂದೇ ಒಂದು ಗುಟುಕು ಕಣೇ" ಎಂಬ ಆ ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಆಳುಗಳು ಆ ಟ್ಯಾಂಕಿಯ ನೀರು ಬೇಡವೇ ಬೇಡ ಎಂದು ಪಟ್ಟು ಹಿಡಿದರು. ಅಣ್ಣ ಹಾರಾಡಿದ, ಬೇರೆ ಆಳು ಹುಡುಕಿದ, ಯಾರೂ ಸಿಗಲಿಲ್ಲ. ಕೊನೆಗೆ ಹಳೇ ಟ್ಯಾಂಕಿಯನ್ನು ಕತ್ತರಿಸಿ ತೆಗೆಸಿ ಹೊಸದನ್ನು ಕೂರಿಸಬೇಕಾಯಿತು. ಕೊಳವೆಗಳನ್ನೂ ಬದಲಿಸಿದರು. ಅದನ್ನು ತೊಳೆಯಲು ಯಾರನ್ನು ಕರೆಯುವುದು ಎಂದಾಗ ಚುಕ್ಕಾಣಿಯವನು, "ಅವಳು ಕುಡಿದ್ರೆ ನಾನು ಹತ್ತೀನಿ, ಇಲ್ದಿದ್ರೆ ಇಲ್ಲ" ಎಂದು ಬೀಡಿ ಹಚ್ಚಿದ.

ಗುಟುಕಕ್ಕ ಬಂದಳು. ಹೊಸ ಟ್ಯಾಂಕಿಯೆಂದು ರಿಯಾಯಿತಿ ತೋರಿಸದೆ ನೆತ್ತಿಯಿಂದ ತಳದವರೆಗೆ ತಿಕ್ಕಿದಳು. ಬ್ಲೀಚಿಂಗ್ ನೀರನ್ನು ಒಂದು ರಾತ್ರಿ ಬಿಟ್ಟು ಚೆಲ್ಲಿದಳು, ಜಾಲಿಸಿದಳು, ತುಂಬಿಸಿದಳು. ಲೋಟ ಹಿಡಿದಳು. ಗಟಗಟನೆ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಹತ್ತಿ" ಎಂದಳು. ಚೀಲಗಳು ಎದ್ದವು.

ಗದ್ದಲದ ನಡುವೆ ಅಣ್ಣ ಅವಳ ಬಳಿ ಬಂದ. ಮುಖ ಸೊರಗಿತ್ತು. ಅವಳ ಕೈಯಿಂದ ಖಾಲಿ ಲೋಟ ಇಸಿದುಕೊಂಡು, "ಆಗಿದ್ದಾಯ್ತು. ಮನೆಗೆ ಬಾರೇ" ಎಂದ. ಅವಳ ಕಣ್ಣು ತುಂಬಿತು. ಆದರೂ ಅವನ ಮುಖದ ಮೇಲಿಂದ ದೃಷ್ಟಿ ಸರಿಸಲಿಲ್ಲ.

"ನಿನ್ನ ಟ್ಯಾಂಕಿ ತೊಳೆಯೋಕೆ ಕರೆದಾಗೆಲ್ಲಾ ಬರ್ತೀನಿ ಅಣ್ಣ. ಮನೆಗೆ ಬರಲ್ಲ. ಅವತ್ತು ನೀರಲ್ಲಿ ಏನಿದೆ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ನಂಗೆ ಕುಡಿ ಅಂದೆ. ಇನ್ನು ಆ ಮನೇಲಿ ನಾನು ನೀರು ಹೇಗೆ ಕುಡೀಲಿ?"

ಅವಳು ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು, ಬ್ರಷ್ಷು ಬಕೆಟ್ಟು ಎತ್ತಿಕೊಂಡು ಪಕ್ಕದ ದೋಣಿಗೆ ದಾಟಿದಳು. ಅಲ್ಲಿ ಅವಳಿಗಾಗಿ ಮುಚ್ಚಳ ತೆಗೆದಿಟ್ಟಿದ್ದರು.