ಪಾಲಯ್ಯ ತೋರಿಸಿದ ಸೈಕಲ್ ದಾರಿ

ಐವತ್ತರ ಹತ್ತಿರ ಬಂದವನು ಪ್ಯಾಡ್ ಇಟ್ಟ ಬಿಗಿ ಚಡ್ಡಿ ಹಾಕಿಕೊಂಡು ಹಿರಿಯೂರು ಪೇಟೆಯಲ್ಲಿ ಸೈಕಲ್ ತುಳಿದರೆ ಜನ ನಗದೆ ಇನ್ನೇನು ಮಾಡುತ್ತಾರೆ? ನಕ್ಕರು. ನನ್ನ ಹೆಂಡತಿ ಪಾರ್ವತಮ್ಮ ಎಲ್ಲರಿಗಿಂತ ಜಾಸ್ತಿ ನಕ್ಕಳು. ನನ್ನದು ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಕೂತು ಕೂತು ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೀರಿ ಅಂದರು. ನಡೆಯುವುದು ನನಗೆ ಹಿಡಿಸದ ಕೆಲಸ, ಹಾಗಾಗಿ ಗೇರ್ ಸೈಕಲ್ ಕೊಂಡೆ. ಕೊಂಡ ಮೇಲೆ ಗೊತ್ತಾಯಿತು, ಸೈಕಲ್ಲು ಬರೀ ಶುರು. ಹೆಲ್ಮೆಟ್ಟು, ಕೈಗವಸು, ಕಪ್ಪು ಕನ್ನಡಕ, ಮಿಣಮಿಣ ಅನ್ನುವ ಲೈಟು, ಎದೆಬಡಿತ ಎಣಿಸುವ ವಾಚು, ಪಂಚರ್ ಆಗದಿರಲಿ ಅಂತ ಟ್ಯೂಬಿನೊಳಗೆ ಸುರಿಯುವ ಹಸಿರು ಅಂಟು. ಇಷ್ಟೆಲ್ಲ ಮೈಮೇಲೆ ಹೇರಿಕೊಂಡರೂ ಏರು ಬಂದಾಗ ತುಳಿಯಬೇಕಾದ್ದು ಇದೇ ಹಾಳು ಕಾಲು.

ದಾರಿಗಳ ವಿಷಯಕ್ಕೆ ಬಂದರೆ, ಧರ್ಮಪುರದ ರಸ್ತೆಯಲ್ಲಿ ಎದುರುಗಾಳಿ. ಹೋಗುವಾಗಲೂ ಎದುರು, ಬರುವಾಗಲೂ ಎದುರು, ಅದು ಹೇಗೋ ಆ ಶಿವನಿಗೇ ಗೊತ್ತು. ಹೊಸದುರ್ಗದ ಕಡೆ ಅದಿರಿನ ಲಾರಿಗಳ ಧೂಳು, ಮನೆಗೆ ಬಂದು ಸೀನಿದರೆ ಕರ್ಚೀಫು ಕೆಂಪು. ಹೊಳಲ್ಕೆರೆ ದಾಟಿ ಬಿ.ದುರ್ಗದ ಹಳ್ಳಿ ದಾರಿಗಳು ಚೆನ್ನಾಗಿವೆ, ಆದರೆ ಅಷ್ಟು ದೂರಕ್ಕೆ ಸೈಕಲ್ಲನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋಗಬೇಕು. ಸೈಕಲ್ ಹೊಡೆಯಲು ವ್ಯಾನು ಬೇಕೆಂದರೆ ಹೆಂಡತಿ ನಗುವುದರಲ್ಲಿ ತಪ್ಪೇನಿದೆ? ಕೊನೆಗೆ ಉಳಿದದ್ದು ಜವನಗೊಂಡನಹಳ್ಳಿ ಕಡೆಯ ಗುಡ್ಡಗಳು. ಕರೆಂಟು ತೆಗೆಯುವ ಗಾಳಿ ಫ್ಯಾನು ನೆಡಲು ಕಂಪನಿಯವರು ಮಾಡಿದ ಗರಸಿನ ರಸ್ತೆಗಳು ಅಲ್ಲಿ ನೆತ್ತಿಯವರೆಗೂ ಹೋಗುತ್ತವೆ. ಆ ರಸ್ತೆಗಳಿಂದ ಆಚೀಚೆ ಕವಲೊಡೆಯುವ ಕುರಿ ಜಾಡುಗಳಷ್ಟು ಸೊಗಸಾದ ಸೈಕಲ್ ದಾರಿ ನಮ್ಮ ಜಿಲ್ಲೆಯಲ್ಲಿ ಇನ್ನೆಲ್ಲೂ ಇಲ್ಲ.

ಆ ಜಾಡುಗಳನ್ನು ನನಗೆ ತೋರಿಸಿಕೊಟ್ಟವನು ಪಾಲಯ್ಯ. ಇವತ್ತು ಆ ಸೀಮೆಯಲ್ಲಿ ಯಾರನ್ನು ಕೇಳಿದರೂ, ಕಾಯುವಾಗ ನಿದ್ದೆ ಹೋಗಿ ಮಂದೆ ಸಾಯಿಸಿದವನು ಎಂದೇ ಅವನ ಗುರುತು ಹೇಳುತ್ತಾರೆ. ಅವನು ನಿದ್ದೆ ಮಾಡಿರಲಿಲ್ಲ. ಅದನ್ನು ಕಣ್ಣಾರೆ ಕಂಡವನು ನಾನೊಬ್ಬನೇ.

ಮೊದಲ ಸಲ ಅವನು ಸಿಕ್ಕಿದ್ದು ಗುಡ್ಡದ ಬುಡದಲ್ಲಿ. ಹಿಂದಿನ ಚಕ್ರಕ್ಕೆ ಬಳ್ಳಾರಿ ಜಾಲಿಯ ಮುಳ್ಳು ಹೊಕ್ಕಿತ್ತು. ಆ ಹಸಿರು ಅಂಟು ಟೈರಿನಿಂದ ಬುಸಬುಸ ಉಕ್ಕಿ ನನ್ನ ಕಾಲಿಗೆಲ್ಲ ಮೆತ್ತಿಕೊಂಡಿತ್ತು, ತೂತು ಮಾತ್ರ ಮುಚ್ಚಿರಲಿಲ್ಲ. ಅವನು ಕೋಲಿಗೆ ಗದ್ದ ಊರಿಕೊಂಡು ಸ್ವಲ್ಪ ಹೊತ್ತು ನೋಡಿದ.

"ಸಾವ್ಕಾರ್ರೇ, ಕೈ ತೆಗೀರಿ. ಮುಳ್ಳು ಒಳಗೇ ಮುರಿದೈತೆ" ಎಂದು ಸೊಂಟದ ಚೀಲದಿಂದ ಚಿಮಟ ತೆಗೆದ. ಕುರಿ ಕಾಯುವವರು ಕಾಲಿನ ಮುಳ್ಳು ಕೀಳಲು ಇಟ್ಟುಕೊಳ್ಳುವ ಸಣ್ಣ ಕಬ್ಬಿಣದ ಚಿಮಟ. ಒಂದೇ ಎಳೆತಕ್ಕೆ ಮುಳ್ಳು ಬಂತು. "ಕುರಿ ಕಾಲಾದ್ರೆ ಒದೀತೈತೆ. ಇದು ಒದಿಯಲ್ಲ, ವಾಸಿ" ಅಂದ.

ಅಂದಿನಿಂದ ಭಾನುವಾರಗಳು ಅವನ ಜೊತೆ ಕಳೆದವು. ಅವನಿಗೆ ಅರವತ್ತರ ಹತ್ತಿರ, ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು ಬಹುವಚನದಲ್ಲಿ. ನಮ್ಮ ಕಡೆ ಅದು ಹಾಗೇ ನಡೆದುಕೊಂಡು ಬಂದಿದೆ, ನಾನೂ ತಿದ್ದಲು ಹೋಗಲಿಲ್ಲ. ಕುರಿ ಇಳಿದ ಜಾಡಿನಲ್ಲಿ ಸೈಕಲ್ ಇಳಿಯುತ್ತದೆ, ಮೇಕೆ ಇಳಿದದ್ದರಲ್ಲಿ ಇಳಿಯುವುದಿಲ್ಲ ಎಂದು ಕಲಿಸಿದವನು ಅವನು. ಎರಡರ ಹೆಜ್ಜೆ ಗುರುತು ಬೇರೆ ಮಾಡುವುದನ್ನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೋರಿಸಿದ. ನನ್ನ ಟೈರಿನ ಗುರುತು ನೋಡಿ, "ಬುಧವಾರ ಬಂದಿದ್ರಿ, ಇಳಿಜಾರಲ್ಲಿ ಹೆದರಿಕಂಡು ಬ್ರೇಕ್ ಹಿಡಿದೀರಿ" ಎನ್ನುತ್ತಿದ್ದ. ನಿಜವಾಗಿರುತ್ತಿತ್ತು.

ಗುಡ್ಡದ ಕೆಳಗಿನ ಅವನ ಹಟ್ಟಿಯ ಹನ್ನೊಂದು ಮನೆಗಳ ಕುರಿ ಅವನ ಕೈಯಲ್ಲಿದ್ದವು. ಅವನದು ಆ ಮಂದೆಯಲ್ಲಿ ಕಾಲು ಭಾಗವೂ ಇಲ್ಲ. ಬೆಳಿಗ್ಗೆ ಪ್ರತಿ ಮನೆಯವರೂ ದೊಡ್ಡಿಯ ಬಾಗಿಲು ತೆಗೆದು ಒಳಗೆ ಹೋಗಿಬಿಡುತ್ತಿದ್ದರು. ಎಷ್ಟು ಹೋದವು, ಎಷ್ಟು ಬಂದವು ಎಂದು ಯಾರೂ ಕೇಳುತ್ತಿರಲಿಲ್ಲ. ಪಾಲಯ್ಯನ ಕೈಲಿ ಇದ್ದ ಮೇಲೆ ಕೇಳುವುದು ಅವನಿಗೆ ಅವಮಾನ. ನಲವತ್ತು ವರ್ಷ ಹಾಗೇ ನಡೆದಿತ್ತು. ಓದಿಲ್ಲ, ಹೊಲ ಇಲ್ಲ, ಊರಲ್ಲಿ ನಿಂತು ಮಾತಾಡುವವನೂ ಅಲ್ಲ. ಅವನಿಗೆ ಇದ್ದದ್ದು ಆ ಒಂದು ನಂಬಿಕೆ.

ದಿನಕ್ಕೆ ಎರಡು ಸಲ ಮಂದೆಯನ್ನು ಹೆದ್ದಾರಿ ದಾಟಿಸಬೇಕಿತ್ತು. ಆ ಕಡೆ ಕೆರೆಯಂಗಳ, ಈ ಕಡೆ ಹಟ್ಟಿ ಮತ್ತು ಗುಡ್ಡ. ರಸ್ತೆ ಅಂಚಿನಲ್ಲಿ ಅವನು ಮಂದೆಯ ಮುಂದೆ ಕೋಲು ಅಡ್ಡ ಹಿಡಿದು ನಿಲ್ಲುತ್ತಿದ್ದ. ಕೋಲು ಇಳಿಯುವವರೆಗೆ ಒಂದು ಮರಿಯೂ ಕಾಲೆತ್ತುತ್ತಿರಲಿಲ್ಲ. ಲಾರಿ ಡ್ರೈವರುಗಳು ಅದನ್ನು ನೋಡಿ ಹಾರ್ನ್ ಹೊಡೆದು ಮೆಚ್ಚುತ್ತಿದ್ದರು. ನಾನೂ ಒಂದು ವಿಡಿಯೋ ಮಾಡಿದ್ದೆ.

ಇನ್ನು ಒಂದು ಕೊರಳ ಗಂಟೆಯ ವಿಷಯ. ಮಂದೆಯ ಮುಂದೆ ನಡೆಯುತ್ತಿದ್ದ ಮುದಿ ಟಗರು ಆ ಮಳೆಗಾಲದಲ್ಲಿ ಕಾಯಿಲೆಯಿಂದ ಸತ್ತಿತ್ತು. ಅದರ ಕೊರಳ ಕಂಚಿನ ಗಂಟೆ ಪಾಲಯ್ಯನ ಮನೆಯ ಕತ್ತಲ ಮೂಲೆಯಲ್ಲಿ ಜಂತಿಗೆ ನೇತಾಡುತ್ತಿತ್ತು. ಬೀರಪ್ಪನ ಪೂಜೆಯ ದಿನ ಹೊಸ ಟಗರು ಆರಿಸಿ ಅದರ ಕೊರಳಿಗೆ ಕಟ್ಟುವವರೆಗೆ ಅದು ಅಲ್ಲೇ ಇರಬೇಕು ಎಂಬುದು ಆ ಹಟ್ಟಿಯ ಕಟ್ಟಳೆ. ಒಂದು ದಿನ ಮಜ್ಜಿಗೆ ಕುಡಿಯಲು ಹೋದಾಗ ನನ್ನ ಕಣ್ಣಿಗೆ ಬಿತ್ತು. ನನ್ನ ಸೈಕಲ್ಲಿನ ಬೆಲ್ಲು ಆ ವಾರ ಮುರಿದಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅವನ ಹೆಂಡತಿ ಮಲ್ಲಕ್ಕ ಕೂಲಿಗೆ ಹೋಗಿದ್ದಳು.

"ಪಾಲಯ್ಯ, ಇದು ಸುಮ್ನೆ ನೇತಾಡ್ತಾ ಐತಲ್ಲ, ನನಗೆ ಕೊಡು. ಹ್ಯಾಂಡಲ್‌ಗೆ ಕಟ್ಕಂತೀನಿ."

ಅವನು ಲೋಟ ಕೆಳಗಿಟ್ಟ. "ಅದನ್ನ ಹಟ್ಟಿ ಬಿಟ್ಟು ಹೊರಗೆ ಕೊಡಂಗಿಲ್ಲ ಸಾವ್ಕಾರ್ರೇ."

"ಹೊಸ ಟಗರು ಬರಾವರ್ಗೂ ಅಷ್ಟೇ ಕಣಯ್ಯ. ಆಮ್ಯಾಲೆ ವಾಪಸ್ ಕೊಡ್ತೀನಿ."

ಹಟ್ಟಿಯ ಕುಡಿಯುವ ನೀರಿನ ಮೋಟಾರು ಸುಟ್ಟಾಗ ನಾನು ಪುಕ್ಕಟೆ ರಿಪೇರಿ ಮಾಡಿಕೊಟ್ಟಿದ್ದೆ. ಅದನ್ನು ಬಾಯಿಬಿಟ್ಟು ನೆನಪಿಸಲಿಲ್ಲ. ನೆನಪಿಸುವ ಅಗತ್ಯವೂ ಇರಲಿಲ್ಲ, ಅವನು ಅಂಥ ಉಪಕಾರ ಮರೆಯುವ ಮನುಷ್ಯನಲ್ಲ. ಎದ್ದು ಗಂಟೆ ಬಿಚ್ಚಿದ. ತನ್ನ ರುಮಾಲಿನ ಅಂಚು ಹರಿದು ಗಂಟೆಯ ನಾಲಿಗೆಗೆ ಸುತ್ತಿ ಗಂಟು ಹಾಕಿದ.

"ನಮ್ಮ ಮಂದೆ ಇರಾ ಕಡೆ ಮಾತ್ರ ಇದನ್ನ ಬಿಚ್ಚಬ್ಯಾಡ್ರಿ. ಈ ಸದ್ದು ಕೇಳಿದ್ರೆ ಅವು ನನ್ನ ಕೋಲಿಗೂ ನಿಲ್ಲಲ್ಲ, ಅದರ ಹಿಂದೇನೇ ಹೊಂಟುಬಿಡ್ತವೆ. ಮಲ್ಲಕ್ಕಂಗೂ ಹೇಳಬ್ಯಾಡ್ರಿ, ನಂಗೆ ಉಗೀತಾಳೆ."

ಮೂರು ತಿಂಗಳು ಬಟ್ಟೆ ಬಿಚ್ಚಲಿಲ್ಲ. ಅಷ್ಟಾದರೂ ಮಾಡಿದೆ.

ಜನವರಿಯ ಒಂದು ಭಾನುವಾರ ಚಿತ್ರದುರ್ಗದಿಂದ ಮೂವರು ಸವಾರರು ಬಂದರು. ಅವರಲ್ಲಿ ಪರಮೇಶ್ ಎಂಬ ಕಾಲೇಜು ಮೇಷ್ಟ್ರು ಬಾಯಿ ಜೋರಿನವರು. ಅವರ ಸೈಕಲ್ಲುಗಳ ಮುಂದೆ ನನ್ನದು ಗುಜರಿ. ಜೋಗಿಮಟ್ಟಿಯ ಏರನ್ನು ಎಷ್ಟು ನಿಮಿಷದಲ್ಲಿ ಹತ್ತಿದೆವು ಅಂತ ದಾರಿಯುದ್ದಕ್ಕೂ ಅದೇ ಮಾತು. ಫ್ಯಾನಿನ ಗುಡ್ಡದ ನೆತ್ತಿಯಲ್ಲಿ ನೀರು ಕುಡಿಯುವಾಗ ಪರಮೇಶ್ ನನ್ನ ಹ್ಯಾಂಡಲ್ ನೋಡಿ, "ಏನ್ ಸಾರ್, ಗಂಟೆಗೆ ಪೆಟ್ಟಾಗೈತಾ, ಬ್ಯಾಂಡೇಜ್ ಕಟ್ಟೀರಿ?" ಅಂದರು. ಉಳಿದಿಬ್ಬರು ನಕ್ಕರು. ಪೇಟೆಯವರ ನಗು ನನಗೆ ಅಭ್ಯಾಸ, ಆದರೆ ಅವತ್ತು ಮೈ ಉರಿಯಿತು. ಬಟ್ಟೆ ಬಿಚ್ಚಿ ಜೇಬಿಗಿಟ್ಟುಕೊಂಡೆ. ಒಮ್ಮೆ ಅಲ್ಲಾಡಿಸಿದೆ. ಕಂಚಿನ ದನಿ ಇಡೀ ಗುಡ್ಡಕ್ಕೆ ಕೇಳಿತು. ಮೂವರೂ ಬೆರಗಾದರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅವರು ಮುಂದೆ ಇಳಿದು ಹೆದ್ದಾರಿ ದಾಟಿ ಹೋದರು. ನಾನು ಹಿಂದೆ ಬಂದೆ. ರಸ್ತೆ ಅಂಚಿನಲ್ಲಿ ಪಾಲಯ್ಯ ಕೋಲು ಅಡ್ಡ ಹಿಡಿದು ನಿಂತಿದ್ದ, ಹಿಂದೆ ಇಡೀ ಮಂದೆ. ಬಟ್ಟೆ ಬಿಚ್ಚಿದ್ದು ನನಗೆ ನೆನಪೇ ಆಗಲಿಲ್ಲ. ನನ್ನನ್ನು ಕಂಡವನೇ ಅವನು ಕೋಲು ಮೇಲೆತ್ತಿ ಏನೋ ಕೂಗಿದ. ಮಾತಾಡಿಸುತ್ತಿದ್ದಾನೆ ಎಂದುಕೊಂಡು ನಾನೂ ಕೈ ಬೀಸಿದೆ. ಜಲ್ಲಿಯ ಮೇಲೆ ಸೈಕಲ್ ಕುಣಿಯಿತು, ಗಂಟೆ ಒಂದೇ ಸಮ ಹೊಡೆದುಕೊಂಡಿತು. ಎರಡು ಲಾರಿಗಳ ನಡುವೆ ಜಾಗ ಸಿಕ್ಕಿತು, ದಾಟಿಬಿಟ್ಟೆ.

ಆಚೆ ಹೋಗಿ ತಿರುಗಿದಾಗ ಮಂದೆ ನನ್ನ ಹಿಂದೆಯೇ ಓಡಿ ಬರುತ್ತಿತ್ತು. ಪಾಲಯ್ಯ ಅವುಗಳಿಗಿಂತ ಮುಂದೆ, ರಸ್ತೆಯ ನಟ್ಟನಡುವೆ, ಎರಡೂ ಕೈ ಅಗಲಿಸಿ ಅವನ್ನು ಹಿಂದಕ್ಕೆ ಅಟ್ಟುತ್ತಿದ್ದ. ಹಿಂದಿನ ಲಾರಿ ನಿಲ್ಲಿಸಲು ಡ್ರೈವರು ತನ್ನ ಶಕ್ತಿಮೀರಿ ಪ್ರಯತ್ನಪಟ್ಟ, ಆಗಲಿಲ್ಲ. ಇಪ್ಪತ್ತೊಂಬತ್ತು ಕುರಿ ಅಲ್ಲೇ ಸತ್ತವು. ಪಾಲಯ್ಯ ರಸ್ತೆ ಪಕ್ಕದ ಚರಂಡಿಯಲ್ಲಿ ಬಿದ್ದಿದ್ದ, ತಲೆಯಿಂದ ರಕ್ತ ಹರಿಯುತ್ತಿತ್ತು. ಉಳಿದ ಕುರಿಗಳು ನನ್ನ ಸೈಕಲ್ಲಿನ ಸುತ್ತ ಬಂದು ನಿಂತುಕೊಂಡವು.

ಜನ ಸೇರುವ ಮೊದಲು ನಾನು ಜೇಬಿನಿಂದ ಬಟ್ಟೆ ತೆಗೆದು ಗಂಟೆಗೆ ಮತ್ತೆ ಕಟ್ಟಿದೆ. ಅದಾದ ಮೇಲೆ ಅವನ ಹತ್ತಿರ ಓಡಿದ್ದು. ಈ ಹಿಂದು ಮುಂದನ್ನು ಯಾರಿಗೂ ಹೇಳಿಲ್ಲ. ಟೆಂಪೋ ನಿಲ್ಲಿಸಿ ಅವನನ್ನು ಹಾಕಿಕೊಂಡು ಹಿರಿಯೂರಿಗೆ, ಅಲ್ಲಿಂದ ದಾವಣಗೆರೆಗೆ ಕರೆದುಕೊಂಡು ಹೋದವನು ನಾನೇ. ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಆ ಬಿಗಿ ಚಡ್ಡಿಯಲ್ಲೇ ಕೂತಿದ್ದೆ. ಮಲ್ಲಕ್ಕ ನನ್ನ ಕಾಲು ಮುಟ್ಟಲು ಬಂದಳು.

ಪಾಲಯ್ಯ ಬದುಕಿದ. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಆ ಬೆಳಗಿನ ನೆನಪು ಪೂರಾ ಹೋಗಿತ್ತು. ದೊಡ್ಡಿಯ ಬಾಗಿಲು ತೆಗೆದದ್ದು ಗೊತ್ತು, ಆಮೇಲಿನದು ಏನೂ ಇಲ್ಲ. ಹಟ್ಟಿಯಲ್ಲಿ ಮಾತು ಹುಟ್ಟಿಕೊಂಡಿತು. ಆ ವಾರ ಕುರಿ ಈಯುವ ಕಾಲ, ಅವನು ಸರಿಯಾಗಿ ಮಲಗಿರಲಿಲ್ಲ. ಕಾಯುವವನು ಎಚ್ಚರ ಇದ್ದರೆ ಪಾಲಯ್ಯನ ಮಂದೆ ತಾನಾಗಿ ರಸ್ತೆಗೆ ಇಳಿಯುವುದುಂಟೇ? ಕೂತಲ್ಲೇ ತೂಕಡಿಸಿದ್ದಾನೆ, ಕುರಿ ರಸ್ತೆಗಿಳಿದ ಮೇಲೆ ಎಚ್ಚೆತ್ತು ಓಡಿದ್ದಾನೆ ಅಂದರು. ಅವನ ಮೇಲಿದ್ದ ಹಳೆಯ ನಂಬಿಕೆಯೇ ಅವನ ವಿರುದ್ಧ ಸಾಕ್ಷಿಯಾಯಿತು.

ತಿಂಗಳಾದ ಮೇಲೆ ಬೀರಪ್ಪನ ಗುಡಿ ಮುಂದೆ ಹಟ್ಟಿಯವರು ಸೇರಿದರು. ಮಂದೆ ಇನ್ನು ಯಾರ ಕೈಗೆ ಎಂಬುದು ತೀರ್ಮಾನ ಆಗಬೇಕಿತ್ತು. ನನಗೂ ಹೇಳಿಕಳಿಸಿದ್ದರು. ಇವತ್ತು ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡೇ ಹೋದೆ. ಗಂಟೆ ಕಾಗದದಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡಿದ್ದೆ. ಮೊದಲು ಪಾಲಯ್ಯನ ಮನೆಗೆ ಹೋದೆ. ಅವನು ಗೋಡೆಗೊರಗಿ ಕೂತಿದ್ದ, ಅರ್ಧಕ್ಕರ್ಧ ಆಗಿಹೋಗಿದ್ದ.

"ಬರ್ರಿ ಸಾವ್ಕಾರ್ರೇ, ಕುಂತ್ಕಳ್ರಿ. ನಿಮ್ಮನ್ನೇ ಕಾಯ್ತಿದ್ದೆ. ಒಂದು ಮಾತು ಕೇಳಬೇಕಿತ್ತು."

ಮಲ್ಲಕ್ಕ ಹೊರಗೆ ಹೋದಳು. ಆಮೇಲೆ ದನಿ ತಗ್ಗಿಸಿದ.

"ಎಲ್ರೂ ನಿದ್ದೆ ಮಾಡ್ದೆ ಅಂತಾರೆ. ನಂಗೆ ಹಂಗೆ ಅನ್ಸಲ್ಲ. ನಲವತ್ತು ವರ್ಸದಾಗೆ ಒಂದಿನಾನೂ ಮಾಡಿಲ್ಲ. ನೀವು ಅವತ್ತು ಆ ದಾರೀಲಿ ಹೋದ್ರಂತೆ. ಗಂಟೇಗೆ ಬಟ್ಟೆ ಕಟ್ಟಿತ್ತಾ?"

ಅನುಮಾನದ ಕಣ್ಣಲ್ಲ ಅದು. ತಿಳಿದುಕೊಳ್ಳಬೇಕಿತ್ತು ಅವನಿಗೆ, ಅಷ್ಟೇ. ಹೇಳಲೆಂದೇ ಬಂದಿದ್ದೆ. ಆದರೆ ಕುರಿ ಕಳೆದುಕೊಂಡ ಹನ್ನೊಂದು ಮನೆಯವರು ಹೊರಗೆ ನಿಂತಿದ್ದರು. ಪೊಲೀಸರ ಕಾಗದದಲ್ಲಿ ನನ್ನ ಹೆಸರು ಉಪಕಾರ ಮಾಡಿದವನೆಂದು ಬರೆದಾಗಿತ್ತು. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಇದೇ ಸೀಮೆಯವರು.

"ಕಟ್ಟಿತ್ತು ಪಾಲಯ್ಯ" ಅಂದೆ. "ನಾನು ಬಿಚ್ಚೇ ಇಲ್ಲ."

ಅವನು ನನ್ನ ಮುಖ ನೋಡಲಿಲ್ಲ, ನೆಲ ನೋಡಿದ.

"ಹಂಗಾದ್ರೆ ನಾನೇ ನಿದ್ದೆ ಮಾಡಿರಬೇಕು" ಅಂದ. "ನೀವು ಹೇಳಿದ್ದು ಚಲೋ ಆತು. ಒಂದು ತಿಂಗಳಿಂದ ಅದನ್ನೇ ಯೋಚ್ನೆ ಮಾಡಿ ಮಾಡಿ ತಲೆ ಕೆಟ್ಟಿತ್ತು. ಏಳ್ರಿ, ಹೋಗಾಣ."

ಗುಡಿ ಮುಂದೆ ಹಟ್ಟಿಯ ಯಜಮಾನ ತಿಮ್ಮರಾಯಪ್ಪ ಕಟ್ಟೆಯ ಮೇಲೆ ಕೂತಿದ್ದ. ಗಂಟೆಯನ್ನು ಕಾರಿನಲ್ಲೇ ಬಿಟ್ಟು ಬಂದಿದ್ದ ನನಗೆ ಕುರ್ಚಿ ಹಾಕಿದರು. ಪಾಲಯ್ಯ ಯಾರೂ ಕೇಳುವ ಮೊದಲೇ ಎದ್ದು ನಿಂತ.

"ನಿದ್ದೆ ಮಾಡಿದ್ದೆ ನಾನು" ಅಂದ. "ಇಷ್ಟು ದಿನ ಇಲ್ಲ ಅಂತಿದ್ದೆ. ತಪ್ಪಾತು. ಮಂದೆ ಬ್ಯಾರೆಯವರಿಗೆ ಕೊಡ್ರಿ."

ಯಾರೂ ಬೈಯಲಿಲ್ಲ. ಹೆಂಗಸರ ಗುಂಪಿನಲ್ಲಿ ಮಲ್ಲಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ತಿಮ್ಮರಾಯಪ್ಪ, ಮಂದೆ ಇನ್ನು ಹಟ್ಟಿಯವನೇ ಆದ ಓಬಣ್ಣ ಎಂಬುವನ ಕೈಗೆ ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಇವ್ರು ಇಲ್ದಿದ್ರೆ ನಮ್ಮವನ ಜೀವ ಉಳೀತಿರಲಿಲ್ಲ. ಕಂಬಳಿ ಹೊದಿಸಿ ಕಳಿಸಬೇಕು" ಅಂದ. ಒಳಗಿಂದ ಹೊಸ ಕರಿ ಕಂಬಳಿ ತಂದರು. ಯಾರು ಹೊದಿಸುವುದು ಎಂದಾಗ, ಜೀವ ಉಳಿದವನೇ ಹೊದಿಸಲಿ ಎಂದರು.

ಬಲಗೈ ಏಳದ ಕಾರಣ ಪಾಲಯ್ಯನಿಗೆ ಒಂದೇ ಕೈಯಲ್ಲಿ ಕಂಬಳಿ ಹೊದಿಸಲು ಕಷ್ಟವಾಯಿತು. ಎರಡು ಸಲ ಜಾರಿತು. ನಾನು ಬೆನ್ನು ಬಗ್ಗಿಸಿ ಅವನಿಗೆ ಅನುಕೂಲ ಮಾಡಿಕೊಟ್ಟೆ.