ಹಸನಾಕನ ಬಿಸಿ ಅಂಗೈ

ಹಸನಾಕ ಕುದುರೆಯನ್ನು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಚಳಿಯೇ ಇಲ್ಲದ ನಮ್ಮ ಕಾಪುವಿನಲ್ಲಿ ಹಾಗೆ ನಿಂತವರನ್ನು ಕಂಡು ಹೊಸಬರು ನಗುತ್ತಿದ್ದರು. "ತಣ್ಣಗಿನ ಕೈ ಇಟ್ಟರೆ ಅದು ಮೈ ಬಿಗಿ ಮಾಡ್ತದೆ. ಮತ್ತೆ ಒಳಗೆ ಎಂತ ಉಂಟು ಅಂತ ಹೇಳುವುದಿಲ್ಲ" ಎನ್ನುತ್ತಿದ್ದರು ಹಸನಾಕ.

ಎಪ್ಪತ್ತರ ದಶಕದಲ್ಲಿ ಕಾಪು ಪೇಟೆಯಿಂದ ಕಡಲ ಬದಿಗೆ ಓಡುತ್ತಿದ್ದ ಜಟಕಾ ಅವರದು. ಕುದುರೆಯ ಹೆಸರು ಮುತ್ತು, ಮಹಾ ಹೊಟ್ಟೆಬಾಕಿ. ಅವರ ಮನೆ ನಮ್ಮ ಬೇಲಿಯಾಚೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ನಾನು ಜಗಲಿಯಲ್ಲಿ ಜಡೆ ಹೆಣೆಯುತ್ತಾ ಕೂತರೆ ಅವರ ಕೆಲಸವೆಲ್ಲ ಕಾಣುತ್ತಿತ್ತು. ಮೊದಲು ಕುತ್ತಿಗೆಯಿಂದ ಸೊಂಟದವರೆಗೆ ಬರೀ ಅಂಗೈಯಲ್ಲಿ ಸವರಿ ಎಲ್ಲಿ ಬಿಸಿ, ಎಲ್ಲಿ ಗಂಟು ಎಂದು ಹುಡುಕುವುದು. ಗಂಟಿದ್ದಲ್ಲಿ ತೆಂಗಿನೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತುವುದು. ಮುಂಗಾಲನ್ನು ಎತ್ತಿ ಹಿಡಿದು ಸುಮ್ಮನೆ ಕಾಯುವುದು; ಎಳೆಯುವಂತಿಲ್ಲ, ಮುತ್ತು ತಾನಾಗಿ ಚಾಚಬೇಕು. ಸಂಜೆ ಸಮುದ್ರದಂಚಿನ ನೀರಿನಲ್ಲಿ ನಿಧಾನವಾಗಿ ನಡೆಸುವುದು. ಒತ್ತಿದ್ದು ಸರಿಯಾದ ಜಾಗಕ್ಕೆ ಬಿದ್ದರೆ ಮುತ್ತು ತಲೆ ಇಳಿಸಿ, ಬಾಯಿ ಚಪ್ಪರಿಸಿ, ದೊಡ್ಡದೊಂದು ನಿಟ್ಟುಸಿರು ಬಿಡುತ್ತಿತ್ತು. ಇಷ್ಟು ಉಪಚಾರ ತನಗೆ ಬಾಣಂತನದಲ್ಲೂ ಆಗಲಿಲ್ಲ ಎಂದು ನಮ್ಮ ಅಮ್ಮ ಗೊಣಗುತ್ತಿದ್ದರು.

ಹಸನಾಕನದು ಒಂದೇ ಕಟ್ಟಳೆ: ಮೈಯಲ್ಲಿ ಬಿಸಿ ಇದ್ದ ದಿನ ಗಾಡಿ ಕಟ್ಟುವುದಿಲ್ಲ. ಒತ್ತಿ ನೋವು ಮರೆಸುವುದು ಸುಲಭ, ಆದರೆ ನೋವು ಮರೆತ ಕುದುರೆ ತನ್ನ ಕಾಲನ್ನು ತಾನೇ ಹಾಳು ಮಾಡಿಕೊಳ್ಳುತ್ತದೆ ಎನ್ನುತ್ತಿದ್ದರು. ಅಂಥ ದಿನ ಯಾರು ಕರೆದರೂ "ಇವತ್ತು ಬಿಸಿ ಉಂಟು" ಎಂದು ಕೈ ಆಡಿಸಿಬಿಡುತ್ತಿದ್ದರು.

ಆ ಕಟ್ಟಳೆಯನ್ನು ಮುರಿಸಿದವರು ನಮ್ಮ ಅಪ್ಪ. ಅಕ್ಕನ ಮದುವೆಯ ಬೆಳಿಗ್ಗೆ, ಕಾರ್ಕಳದಿಂದ ಬಸ್ಸಿನಲ್ಲಿ ಬರುವ ಮದುಮಗನನ್ನು ಪೇಟೆಯಿಂದ ಮನೆಗೆ ಕರೆತರಲು ಗೊತ್ತು ಮಾಡಿದ್ದ ಕಾರು ಕೈಕೊಟ್ಟಿತು. ಮದುಮಗನನ್ನು ಹೊಯಿಗೆಯ ಮರಳಿನಲ್ಲಿ ನಡೆಸಿಕೊಂಡು ಬಂದರೆ ಮರ್ಯಾದೆ ಹೋಗುತ್ತದೆಂದು ಅಪ್ಪ ಬೇಲಿ ದಾಟಿ ಓಡಿದರು. ಮುತ್ತುವಿನ ಎಡ ಭುಜ ಬಿಸಿಯಿತ್ತು. ಆಗುವುದಿಲ್ಲ ಎಂದರು ಹಸನಾಕ. ಅಪ್ಪ ಅವರ ಕೈ ಹಿಡಿದುಕೊಂಡರು. "ನಿಮ್ಮ ಕೈಗುಣ ನನಗೆ ಗೊತ್ತಿಲ್ವಾ ಮಾರಾಯ್ರೆ? ಒಮ್ಮೆ ಒತ್ತಿಬಿಡಿ. ಅವಳು ನಿಮಗೂ ಮಗಳ ಹಾಗೆ ಅಲ್ವಾ." ಅಕ್ಕನನ್ನು ಎತ್ತಿ ಆಡಿಸಿದವರು ಹಸನಾಕ. ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟು, ಎಣ್ಣೆ ಹಚ್ಚಿ, ಭುಜ ಮೆತ್ತಗಾಗುವವರೆಗೆ ಒತ್ತಿದರು. ಮುತ್ತು ತಲೆ ಇಳಿಸಿ ನಿಟ್ಟುಸಿರು ಬಿಟ್ಟಿತು.

ಜಟಕಾ ಚೆಂದವಾಗಿಯೇ ಬಂತು. ನಮ್ಮ ಮನೆಯ ತಿರುವಿನಲ್ಲಿ ಚಕ್ರ ಹೊಯಿಗೆಯಲ್ಲಿ ಹೂತಿತು. ಮುತ್ತು ಜಗ್ಗಿತು, ಎಡಗಾಲು ಕುಸಿದು ಬಿದ್ದೇಬಿಟ್ಟಿತು. ಆರತಿ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಬೀಗರ ಕಡೆಯ ಯಾರೋ ನಕ್ಕರು. ಮುಹೂರ್ತ ಮೀರುತ್ತದೆಂದು ಅಪ್ಪ ಅಳಿಯನ ಕೈಹಿಡಿದು ಇಳಿಸಿ, ತಿರುಗಿಯೂ ನೋಡದೆ ಚಪ್ಪರದ ಕಡೆ ನಡೆದರು. ಹಸನಾಕ ಹೊಯಿಗೆಯಲ್ಲಿ ಕುಳಿತು ಕುದುರೆಯ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಕೊನೆಗೂ ಭಾವ ನಡೆದೇ ಬಂದದ್ದು! ಮೊದಲೇ ನಡೆಯಲು ಏನು ಧಾಡಿಯಾಗಿತ್ತು ಎಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ. ಮದುವೆಯ ಒಂದು ಫೋಟೋದ ಮೂಲೆಯಲ್ಲಿ ಜಟಕಾದ ಚಕ್ರ ಕಾಣುತ್ತದೆ. ಆಲ್ಬಮ್ಮಿನ ಆ ಪುಟವನ್ನು ಮನೆಯವರೆಲ್ಲ ನಾಚಿಕೆಯಿಂದ ಬೇಗ ಮಗುಚುತ್ತೇವೆ.

ಮುತ್ತು ಮತ್ತೆ ಗಾಡಿ ಎಳೆಯಲಿಲ್ಲ. ಜಟಕಾ ಮಾರಿದ ಹಸನಾಕ ಮೀನಿನ ಲಾರಿಗಳಿಗೆ ಐಸ್ ಹೊರುವ ಕೆಲಸ ಹಿಡಿದರು. ಸಂಜೆ ಬಂದವರೇ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಮೊದಲಿಗಿಂತ ಎಷ್ಟೋ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತಿತ್ತು. ಆಮೇಲೆ ಕುಂಟು ಕುದುರೆಯ ಮೈ ಸವರುವುದು. ಅಪ್ಪ ಆ ಬೇಲಿಯ ಕಡೆ ಮುಖ ಹಾಕುತ್ತಿರಲಿಲ್ಲ. ಬಹಳ ತಿಂಗಳ ಮೇಲೆ, ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿ, ತನ್ನಿಂದ ತಪ್ಪಾಯಿತು ಎಂದರು.

"ನೀವು ಬಾಯಲ್ಲಿ ಕೇಳಿದ್ದು ಮಾತ್ರ ಶೆಟ್ರೇ. ಕುದುರೆಗೆ ಸುಳ್ಳು ಹೇಳಿದ್ದು ನನ್ನ ಕೈ" ಎಂದರು ಹಸನಾಕ. "ಈಗಲೂ ಕೈ ಇಟ್ಟ ಕೂಡಲೇ ತಲೆ ಇಳಿಸ್ತದೆ, ನೋಡಿ. ಒಮ್ಮೆ ಒದ್ದಿದ್ದರೆ ನನಗೆ ಸ್ವಲ್ಪ ನಿದ್ರೆ ಬರ್ತಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಕುದುರೆಯನ್ನೇ ನೋಡುತ್ತ ನಿಂತರು.

ನಾನು ಹಸನಾಕನನ್ನು ಕೊನೆಯ ಬಾರಿ ಕಂಡದ್ದು ಎಂಬತ್ತರ ದಶಕದಲ್ಲಿ, ಅವರು ಹೂಡೆ ಊರಿನಲ್ಲಿದ್ದ ಮಗಳ ಮನೆಗೆ ಹೋಗಿ ನೆಲಸುವ ಮುಂಚೆ. ಮುತ್ತು ಆಗಲೇ ಸತ್ತಿತ್ತು. ಅಪ್ಪನ ಭುಜ ಹಿಡಿದುಕೊಂಡಿತ್ತು; ಅಲುಗಾಡಿಸಬೇಡಿ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಮರುದಿನವೇ ಕಾರ್ಕಳದಲ್ಲಿ ಅಕ್ಕನ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಹೋಗದಿದ್ದರೆ ಬೀಗರೆದುರು ಮರ್ಯಾದೆ ಏನು ಎಂದು ಹಟ ಹಿಡಿದ ಅಪ್ಪ, ಹಸನಾಕನನ್ನು ಕರೆಯಲು ನನ್ನನ್ನೇ ಕಳಿಸಿದರು. ಮದುವೆಯ ದಿನದ ನಂತರ ಅವರು ನಮ್ಮ ಮನೆಗೆ ಕಾಲಿಟ್ಟದ್ದು ಅದೇ ಮೊದಲು.

ಅಪ್ಪ ಅಂಗಿ ಬಿಚ್ಚಿ ಕೂತರು. ಹಸನಾಕ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನಿಂತರು. ಆಮೇಲೆ ಅಂಗೈಯನ್ನು ಅಪ್ಪನ ಭುಜದ ಮೇಲೆ ಇಟ್ಟರು.

"ಬಿಸಿ ಉಂಟು ಶೆಟ್ರೇ" ಎಂದರು. "ಇವತ್ತು ಒತ್ತುವುದಿಲ್ಲ."

ಅಪ್ಪ ಈ ಸಲ ಅವರ ಕೈ ಹಿಡಿದುಕೊಳ್ಳಲಿಲ್ಲ. ಆ ಅಂಗೈಯ ಕೆಳಗೆ ಸುಮ್ಮನೆ ತಲೆ ಇಳಿಸಿದರು.