ಸೊಸೆ ಆರಿಸಿದ ಚಿಪ್

ಕಂಪ್ಯೂಟರ್ ತಯಾರಿಸುವ ಕಂಪನಿಗೆ ಉಗ್ರಾಣದ ಗುಮಾಸ್ತೆಯಾಗಿ ಸೇರಿದವಳು ಖರೀದಿ ವಿಭಾಗದ ಮುಖ್ಯಸ್ಥೆಯಾಗಿದ್ದಳು. ಚಿಪ್ಪುಗಳನ್ನು ಯಾರಿಂದ ಕೊಳ್ಳಬೇಕೆಂದು ತೀರ್ಮಾನಿಸುವುದು ಆಕೆಯ ಕೆಲಸ. ಹಾಗಾಗಿ ಸಹೋದ್ಯೋಗಿಗಳಿಗೆಲ್ಲ ಆಕೆ ಚಿಪ್ಪಮ್ಮ.

ಆ ವರ್ಷ ಆಕೆ ಹಳೆಯ ದೊಡ್ಡ ಚಿಪ್ ಕಂಪನಿಯನ್ನು ಬಿಟ್ಟು, ಯಾರೂ ಹೆಸರು ಕೇಳದ ಹೊಸಬರ ಚಿಪ್ ಆರಿಸಿದಳು. ಸುದ್ದಿ ಹೊರಬಿದ್ದದ್ದೇ ತಡ, ಟಿವಿಯಲ್ಲಿ ಷೇರು ವಿಶ್ಲೇಷಕನೊಬ್ಬ, "ಕೈಯಾರೆ ಗುಂಡಿ ತೋಡಿಕೊಂಡಿದ್ದಾರೆ, ಷೇರು ಮಾರಿಬಿಡಿ" ಎಂದ. ಬೆಲೆ ಜಾರತೊಡಗಿತು.

ಆಕೆಯ ಮಾವ ನಿವೃತ್ತ ರೈಲು ಚಾಲಕ, ಅದೇ ಕಂಪನಿಯ ಷೇರುದಾರ. ಆ ವಿಶ್ಲೇಷಕನ ಮಾತೆಂದರೆ ಅವರಿಗೆ ವೇದವಾಕ್ಯ.

"ಏನಮ್ಮಾ ಇದು? ಕೊನೆಗೆ ನಮ್ಮ ಕೈಗೆ ಚಿಪ್ಪೇ ಗತಿನಾ?" ಎಂದು ತಿಂಡಿಯ ಹೊತ್ತಿಗೆ ಕೇಳಿದರು.

"ಷೇರುದಾರರ ಸಭೇಲಿ ಹೇಳ್ತೀವಿ ಮಾವ" ಎಂದಷ್ಟೇ ಹೇಳಿ ಆಕೆ ಚೀಲ ಹೆಗಲಿಗೇರಿಸಿದಳು. ಮಾವ ಮುಖ ಊದಿಸಿಕೊಂಡರು. ಅಂದಿನಿಂದ ಮಾತು ಬಂದ್.

ಷೇರುದಾರರ ಸಭೆಯಲ್ಲಿ ಜನ ಎರಡು ಪಾಲಾದರು.

"ವಿಶ್ಲೇಷಕ ಸುಮ್ಮನೆ ಹೇಳ್ತಾನಾ?"

"ಹೋದ ಸಲ ಅವನ ಮಾತು ಕೇಳಿ ಕೆಟ್ಟಿದ್ದು ಮರೆತೋಯ್ತಾ?"

ಗದ್ದಲದ ನಡುವೆ ಮಾವ ಎದ್ದು ಮೈಕ್ ಹಿಡಿದರು. "ಹಳಬರನ್ನ ಯಾಕೆ ಬಿಟ್ರಿ ಮೇಡಂ?"

ಮಾವನ ಬಾಯಲ್ಲಿ 'ಮೇಡಂ' ಕೇಳಿ ಆಕೆ ಕುರ್ಚಿಯಿಂದ ಎದ್ದಳು. ವೇದಿಕೆಯ ಅಂಚಿಗೆ ಬಂದು ನಿಂತಳು.

"ಅವರು ದೊಡ್ಡ ಗಿರಾಕಿಗಳಿಗೆ ಕೊಟ್ಟು ಉಳಿದದ್ದನ್ನ ನಮಗೆ ಕೊಡ್ತಿದ್ರು. ಹೋದ ವರ್ಷ ಚಿಪ್ ಇಲ್ಲದೆ ನಮ್ಮ ಕಾರ್ಖಾನೆ ಸುಮ್ಮನೆ ನಿಂತಿತ್ತು. ಹೊಸಬರ ಚಿಪ್ಪನ್ನ ಬಿಸಿ ಕೋಣೇಲಿಟ್ಟು ತಿಂಗಳುಗಟ್ಟಲೆ ಓಡಿಸಿ ನೋಡಿದೀವಿ, ಜಗ್ಗಲಿಲ್ಲ. ಮೊದಲು ನಮಗೇ ಕೊಡ್ತೀವಿ ಅಂತ ಒಪ್ಪಂದಾನೂ ಆಗಿದೆ."

"ಇದನ್ನ ಮನೇಲೇ ಹೇಳಬಾರದಿತ್ತಾ?" ಮಾವನ ಬಾಯಿ ತಪ್ಪಿತು. ಸಭೆ ಗೊಳ್ಳೆಂದು ನಕ್ಕಿತು.

"ಇಲ್ಲಿರೋರಿಗೆ ಯಾರಿಗೂ ಗೊತ್ತಿಲ್ಲದ್ದನ್ನ ನಿಮಗೊಬ್ಬರಿಗೇ ಹೇಳಿದ್ರೆ, ಇವರಿಗೆಲ್ಲ ಮೋಸ ಮಾಡಿದ ಹಾಗಲ್ವಾ ಮಾವ?"

ನಗು ತಟ್ಟನೆ ನಿಂತಿತು. ಹಿಂದಿನ ಸಾಲಿನಲ್ಲೆಲ್ಲೋ ಶುರುವಾದ ಚಪ್ಪಾಳೆ ಇಡೀ ಸಭಾಂಗಣ ತುಂಬಿತು. ಮಾವ ಕೂತರು. ಕೂತವರೇ ಪಕ್ಕದವರ ಮೊಣಕೈ ತಟ್ಟಿ, "ನನ್ನ ಸೊಸೆ" ಎಂದರು.

ಮುಂದೆ ಎಲ್ಲೆಡೆ ಚಿಪ್ಪಿಗೆ ಬರ ಬಂತು. ಬೇರೆ ಕಂಪ್ಯೂಟರ್ ಕಂಪನಿಗಳು ಕೈಕಟ್ಟಿ ಕೂತಾಗ ಇವರ ಲಾರಿಗಳು ಸಾಲುಗಟ್ಟಿ ಹೊರಟವು. ಆಡಿಕೊಂಡಿದ್ದವರೇ ಆ ಹೊಸಬರ ಬಾಗಿಲು ತಟ್ಟಿದರು.

ವಿಶ್ಲೇಷಕ ನಾಲಿಗೆ ಹೊರಳಿಸಿ "ಈ ಷೇರು ಕೊಳ್ಳಿ" ಎಂದ ಸಂಜೆ, ಮಾವ ಅರ್ಧಕ್ಕೇ ಟಿವಿ ಆರಿಸಿದರು.

"ಈಗ ಹೇಳೋದೇನು ದೊಡ್ಡದು! ಬಾರಮ್ಮಾ, ಕೂತ್ಕೋ. ಇವತ್ತು ಟೀ ನಂದು."

ಅಡುಗೆಮನೆಯಲ್ಲಿ ಪಾತ್ರೆಗಳು ದಡಬಡ ಉರುಳಿದ ಸದ್ದಾಯಿತು. ಆಕೆ ಏಳಲಿಲ್ಲ. ರಾಣಿಯ ಹಾಗೆ ಕಾಲು ಚಾಚಿ ಕೂತೇ ಇದ್ದಳು.